537 ಮತಗಳ ಫ್ಲಾರಿಡಾ: ಮೂರನೆಯ ಅಭ್ಯರ್ಥಿಯ ಪರ ದುಡಿದ ಒಂದು ಸ್ಥಳೀಯ ಗುಂಪಿನ ಪ್ರಕರಣ

2000ದ ನವೆಂಬರ್ 7ರಂದು ನಡೆದ ಅಮೆರಿಕದ ಅಧ್ಯಕ್ಷೀಯ ಚುನಾವಣೆಯಲ್ಲಿ ಫ್ಲಾರಿಡಾ ರಾಜ್ಯದ ಅಧಿಕೃತ ಫಲಿತಾಂಶ ಹೀಗಿತ್ತು: ರಿಪಬ್ಲಿಕನ್ ಪಕ್ಷದ ಜಾರ್ಜ್ ಬುಷ್ 29,12,790, ಡೆಮಾಕ್ರಟಿಕ್ ಪಕ್ಷದ ಆಲ್ ಗೋರ್ 29,12,253. ಗೆಲುವಿನ ಅಂತರ 537. ಗ್ರೀನ್ ಪಕ್ಷದ ರಾಲ್ಫ್ ನೇಡರ್ ಅದೇ ರಾಜ್ಯದಲ್ಲಿ 97,488 ಮತ ಪಡೆದಿದ್ದರು. ಈ ಅಂಕಿಗಳನ್ನು ಅಕ್ಕಪಕ್ಕ ಇಟ್ಟು, ನೇಡರ್ ಮತ ಒಡೆದದ್ದರಿಂದಲೇ ಗೋರ್ ಸೋತರು ಎಂಬ ತೀರ್ಪು ಅಂದಿನಿಂದ ಇಂದಿನವರೆಗೆ ನಡೆದುಕೊಂಡು ಬಂದಿದೆ. ಆ ತೀರ್ಪು ಪೂರ್ಣ ಸುಳ್ಳಲ್ಲ. ಆದರೆ ಅದು ಫಲಿತಾಂಶ ಗೊತ್ತಾದ ಮೇಲಿನ ಲೆಕ್ಕ. ಮತದಾನಕ್ಕೆ ಮುಂಚೆ ನಿರ್ಧಾರ ಮಾಡಬೇಕಾಗಿದ್ದವರ ಮುಂದೆ 537 ಎಂಬ ಸಂಖ್ಯೆ ಇರಲಿಲ್ಲ. ಅವರ ಮುಂದೆ ಏನಿತ್ತು, ಅದನ್ನು ಇಟ್ಟುಕೊಂಡು ಅವರು ಏನು ಮಾಡಿದರು, ಅದರಲ್ಲಿ ಯಾವುದು ಫಲಿತಾಂಶವನ್ನು ತಟ್ಟಿತು, ಯಾವುದು ತಟ್ಟಲಿಲ್ಲ ಎಂಬುದನ್ನು ಈ ಪ್ರಕರಣ ಅಧ್ಯಯನ ಪರಿಶೀಲಿಸುತ್ತದೆ.

ಚರ್ಚೆಗೆಂದು ರೂಪಿಸಿದ ಬರಹ ಇದಾದ್ದರಿಂದ ಒಂದು ಸ್ಪಷ್ಟನೆ ಅಗತ್ಯ. ಸಾರ್ವಜನಿಕ ವ್ಯಕ್ತಿಗಳ ಹೆಸರು, ದಿನಾಂಕ ಮತ್ತು ಮತಗಳ ಲೆಕ್ಕ ದಾಖಲೆಯಲ್ಲಿರುವಂತೆಯೇ ಇವೆ. ಸ್ಥಳೀಯ ಗುಂಪು ಮತ್ತು ಅದರ ಸದಸ್ಯರಿಗೆ ಮಾತ್ರ ಹೆಸರು ಕೊಟ್ಟಿಲ್ಲ. ಅವರಲ್ಲಿ ಒಬ್ಬೊಬ್ಬರೂ ಆ ದಿನಗಳಲ್ಲಿ ಒಂದೇ ಇಕ್ಕಟ್ಟಿಗೆ ಸಿಲುಕಿದ್ದ ಹಲವರ ನಿಲುವುಗಳನ್ನು ಕೂಡಿಸಿ ಕಟ್ಟಿದ ಚಿತ್ರ. ಯಾವ ಒಬ್ಬ ವ್ಯಕ್ತಿಯನ್ನೂ ಅವರಲ್ಲಿ ಗುರುತಿಸಲಾಗದು.

ಹಿನ್ನೆಲೆ

ಗುಂಪು ಇದ್ದದ್ದು ಮಯಾಮಿ-ಡೇಡ್ ಕೌಂಟಿಯ ದಕ್ಷಿಣ ಭಾಗದಲ್ಲಿ. ಸಂಯೋಜಕಿ ನಿವೃತ್ತ ಶಾಲಾ ಶಿಕ್ಷಕಿ, ಡೆಮಾಕ್ರಟಿಕ್ ಪಕ್ಷದ ನೋಂದಾಯಿತ ಮತದಾರರು. ಜೊತೆಯಲ್ಲಿ ಲೆಕ್ಕಪತ್ರದ ಕೆಲಸ ಮಾಡುತ್ತಿದ್ದ ಒಬ್ಬರು, ಕಾಲೇಜು ವಿದ್ಯಾರ್ಥಿನಿಯೊಬ್ಬಳು, ಇನ್ನು ಕೆಲವರು ಸ್ವಯಂಸೇವಕರು. ಅವರನ್ನು ಒಟ್ಟುಗೂಡಿಸಿದ್ದು ಪಕ್ಷ ರಾಜಕೀಯವಲ್ಲ, ಒಂದು ವಿಮಾನ ನಿಲ್ದಾಣ.

ಹೋಮ್‌ಸ್ಟೆಡ್ ವಾಯುಪಡೆ ನೆಲೆ 1992ರ ಆಗಸ್ಟ್‌ನಲ್ಲಿ ಆಂಡ್ರೂ ಚಂಡಮಾರುತಕ್ಕೆ ಸಿಕ್ಕಿ ಹಾಳಾಗಿತ್ತು. ಆ ಜಾಗದಲ್ಲಿ ದೊಡ್ಡ ವಾಣಿಜ್ಯ ವಿಮಾನ ನಿಲ್ದಾಣ ಕಟ್ಟಬೇಕೆಂದು ಕೌಂಟಿಯ ನಾಯಕರು ಪಟ್ಟು ಹಿಡಿದಿದ್ದರು. ನೆಲೆಯ ಒಂದು ಕಡೆ ವಿಶಾಲ ಜೌಗುನೆಲವಾದ ಎವರ್‌ಗ್ಲೇಡ್ಸ್ ರಾಷ್ಟ್ರೀಯ ಉದ್ಯಾನ, ಇನ್ನೊಂದು ಕಡೆ ಬಿಸ್ಕೇನ್ ರಾಷ್ಟ್ರೀಯ ಉದ್ಯಾನ. ಜೌಗುನೆಲವನ್ನು ಉಳಿಸಲು ಕೇಂದ್ರ ಸರ್ಕಾರ ಕೋಟಿಗಟ್ಟಲೆ ಡಾಲರ್ ವೆಚ್ಚದ ಯೋಜನೆ ಹಾಕುತ್ತಿದ್ದ ಹೊತ್ತಿನಲ್ಲೇ ಅದರ ಅಂಚಿನಲ್ಲಿ ಜೆಟ್ ವಿಮಾನಗಳನ್ನು ಇಳಿಸುವ ಪ್ರಸ್ತಾವವನ್ನು ಪರಿಸರ ಸಂಘಟನೆಗಳು ಒಪ್ಪುವಂತಿರಲಿಲ್ಲ. ಅಂತಿಮ ನಿರ್ಧಾರ ವಾಯುಪಡೆಯದು, ಅಂದರೆ ಕ್ಲಿಂಟನ್ ಆಡಳಿತದ್ದು; ಆ ಆಡಳಿತದ ಉಪಾಧ್ಯಕ್ಷರೇ ಆ ವರ್ಷ ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿ.

ಪರಿಸರದ ವಿಷಯದಲ್ಲಿ ಗೋರ್ ಅವರಷ್ಟು ದೀರ್ಘಕಾಲ ಮಾತನಾಡಿದ ರಾಷ್ಟ್ರೀಯ ನಾಯಕ ಆಗ ಮತ್ತೊಬ್ಬರಿರಲಿಲ್ಲ. ಆದರೂ ವಿಮಾನ ನಿಲ್ದಾಣದ ಪ್ರಶ್ನೆಗೆ ಅವರು ಹೌದೆಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಎಲ್ಲರಿಗೂ ಒಪ್ಪಿಗೆಯಾಗುವ ಸಮತೋಲನದ ಪರಿಹಾರ ಬೇಕು ಎಂಬಲ್ಲಿಗೆ ನಿಲ್ಲಿಸಿದರು. ಇದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ಡೆಮಾಕ್ರಟಿಕ್ ಪಕ್ಷದವರೇ ಆದ ಕೌಂಟಿಯ ಮೇಯರ್ ಯೋಜನೆಯ ಪರವಾಗಿದ್ದರು. ಕ್ಯೂಬಾದ ಬಾಲಕನೊಬ್ಬನನ್ನು ತಂದೆಯ ಬಳಿಗೆ ಮರಳಿಸಿದ ಪ್ರಕರಣದಿಂದಾಗಿ ಮಯಾಮಿಯ ಕ್ಯೂಬನ್-ಅಮೆರಿಕನ್ನರು ಆ ವರ್ಷ ಕ್ಲಿಂಟನ್ ಆಡಳಿತದ ಮೇಲೆ ಕೆರಳಿದ್ದರು. 25 ಎಲೆಕ್ಟೋರಲ್ ಮತಗಳ (ಅಧ್ಯಕ್ಷರನ್ನು ಆರಿಸಲು ರಾಜ್ಯಗಳಿಗೆ ಹಂಚಿದ ಮತಗಳ) ರಾಜ್ಯದಲ್ಲಿ ಇನ್ನೊಂದು ವೈರ ಕಟ್ಟಿಕೊಳ್ಳಲು ಗೋರ್ ಸಿದ್ಧರಿರಲಿಲ್ಲ.

ನೇಡರ್ ಈ ಪ್ರಶ್ನೆಗೆ ನೇರ ಉತ್ತರ ಕೊಟ್ಟರು: ನಿಲ್ದಾಣ ಬೇಡ. ಗ್ರಾಹಕ ಹಕ್ಕುಗಳ ಹೋರಾಟಗಾರರಾಗಿ 1960ರ ದಶಕದಿಂದಲೇ ಮನೆಮಾತಾಗಿದ್ದ, ಕಾರುಗಳ ಸುರಕ್ಷತಾ ಕಾನೂನಿನ ಹಿಂದಿನ ಒತ್ತಡವಾಗಿದ್ದ ಅವರನ್ನು ಗ್ರೀನ್ ಪಕ್ಷ ಜೂನ್‌ನಲ್ಲಿ ಡೆನ್ವರ್‌ನ ಸಮಾವೇಶದಲ್ಲಿ ಅಭ್ಯರ್ಥಿಯನ್ನಾಗಿ ಘೋಷಿಸಿತ್ತು. ಸಂಯೋಜಕಿ ಬೇಸಿಗೆಯವರೆಗೂ ಗೋರ್ ಅವರ ಪ್ರಚಾರ ಕಚೇರಿಗೆ ಪತ್ರ ಬರೆಯುತ್ತಲೇ ಇದ್ದರು. ಬರುತ್ತಿದ್ದ ಉತ್ತರಗಳಲ್ಲಿ ಎವರ್‌ಗ್ಲೇಡ್ಸ್ ಬಗ್ಗೆ ಒಳ್ಳೆಯ ಮಾತುಗಳಿದ್ದವು, ವಿಮಾನ ನಿಲ್ದಾಣದ ಹೆಸರೇ ಇರಲಿಲ್ಲ. ಸೆಪ್ಟೆಂಬರ್ ಹೊತ್ತಿಗೆ ಗುಂಪು ನೇಡರ್ ಪರ ಮನೆಮನೆ ಪ್ರಚಾರಕ್ಕೆ ಇಳಿಯಿತು. ಪ್ರಕರಣದ ಮೊದಲ ತಿರುವು ಇದು, ಮತ್ತು ಇದನ್ನು ಉಂಟುಮಾಡಿದವರು ನೇಡರ್ ಎನ್ನುವುದಕ್ಕಿಂತ ಗೋರ್ ಎನ್ನುವುದೇ ಹೆಚ್ಚು ಸರಿ. ಮೂರನೆಯ ಅಭ್ಯರ್ಥಿ ಮತವನ್ನು ಕಸಿದುಕೊಂಡರು ಎನ್ನುವ ಮಾತು, ಆ ಮತ ಮೊದಲೇ ಮತ್ತೊಬ್ಬರ ಆಸ್ತಿಯಾಗಿತ್ತು ಎಂದು ಒಪ್ಪಿಕೊಂಡೇ ಆಡುವ ಮಾತು.

ಸಮಸ್ಯೆ

ಅಕ್ಟೋಬರ್ ಕೊನೆಯ ಹೊತ್ತಿಗೆ ಸಮಸ್ಯೆಯ ಸ್ವರೂಪ ಸ್ಪಷ್ಟವಾಯಿತು. ಗ್ರೀನ್ ಪಕ್ಷ ಶ್ವೇತಭವನ ಗೆಲ್ಲುತ್ತದೆ ಎಂದು ಯಾರೂ ನಂಬಿರಲಿಲ್ಲ. ಅದರ ಗುರಿ ದೇಶದ ಒಟ್ಟು ಮತದಲ್ಲಿ ಶೇ 5 ತಲುಪುವುದು. ಆ ಮಿತಿ ದಾಟಿದ ಪಕ್ಷಕ್ಕೆ ಮುಂದಿನ ಅಧ್ಯಕ್ಷೀಯ ಚುನಾವಣೆಯಲ್ಲಿ ಕೇಂದ್ರ ಸರ್ಕಾರದ ಪ್ರಚಾರ ನಿಧಿ ಸಿಗುತ್ತದೆ. ಇದು ಕಾಗದದ ಮೇಲಿನ ಆಸೆಯಾಗಿರಲಿಲ್ಲ. 1996ರಲ್ಲಿ ರಿಫಾರ್ಮ್ ಪಕ್ಷದ ರಾಸ್ ಪೆರೋ ಶೇ 8.4 ಮತ ಪಡೆದಿದ್ದರಿಂದಲೇ 2000ದಲ್ಲಿ ಅದೇ ಪಕ್ಷದ ಪ್ಯಾಟ್ ಬ್ಯುಕ್ಯಾನನ್ ಅವರಿಗೆ 1 ಕೋಟಿ 26 ಲಕ್ಷ ಡಾಲರ್ ಸಿಕ್ಕಿತ್ತು. ಅಧ್ಯಕ್ಷೀಯ ಚರ್ಚೆಗಳಿಗೆ ಸಮೀಕ್ಷೆಗಳಲ್ಲಿ ಶೇ 15 ಬೆಂಬಲ ಇರಬೇಕೆಂಬ ನಿಯಮದಿಂದ ನೇಡರ್ ಅವರನ್ನು ಹೊರಗಿಡಲಾಗಿತ್ತು. ಬಾಸ್ಟನ್‌ನ ಮೊದಲ ಚರ್ಚೆಯ ದಿನ ಪಕ್ಕದ ಸಭಾಂಗಣದಲ್ಲಿ ಪರದೆಯ ಮೇಲೆ ನೋಡಲು ಟಿಕೆಟ್ ಹಿಡಿದು ಬಂದಿದ್ದ ಅವರನ್ನು ಒಳಗೆ ಬಿಡದೆ ಕಳುಹಿಸಿದ್ದರು. ಹಾಗಾಗಿ ಹಣದ ಈ ದಾರಿಯೊಂದೇ ಪಕ್ಷಕ್ಕೆ ಮುಂದಿನ ನೆಲೆಯಾಗಿ ಕಾಣುತ್ತಿತ್ತು.

ಆದರೆ ಶೇ 5ರ ಲೆಕ್ಕ ದೇಶಕ್ಕೆಲ್ಲ ಒಂದೇ, ಅಧ್ಯಕ್ಷರ ಆಯ್ಕೆಯ ಲೆಕ್ಕ ರಾಜ್ಯಕ್ಕೊಂದು. ಮೇನ್ ಮತ್ತು ನೆಬ್ರಾಸ್ಕ ಬಿಟ್ಟರೆ ಉಳಿದ ಎಲ್ಲ ರಾಜ್ಯಗಳಲ್ಲಿ, ಒಂದು ಮತ ಹೆಚ್ಚು ಪಡೆದವರಿಗೂ ಆ ರಾಜ್ಯದ ಎಲ್ಲ ಎಲೆಕ್ಟೋರಲ್ ಮತಗಳೂ ಸೇರುತ್ತವೆ. ನಮ್ಮ ವಿಧಾನಸಭಾ ಕ್ಷೇತ್ರಗಳಂತೆ ಅಲ್ಲಿಯೂ ಗೆಲ್ಲಲು ಅರ್ಧಕ್ಕಿಂತ ಹೆಚ್ಚು ಮತ ಬೇಕಿಲ್ಲ, ಎದುರಾಳಿಗಿಂತ ಹೆಚ್ಚಿದ್ದರೆ ಸಾಕು. ನ್ಯೂಯಾರ್ಕ್‌ನಲ್ಲಿ ನೇಡರ್‌ಗೆ ಬಿದ್ದ ಮತ ಶೇ 5ರ ಗುರಿಗೆ ಎಷ್ಟು ನೆರವಾಗುತ್ತದೋ ಫ್ಲಾರಿಡಾದಲ್ಲಿ ಬಿದ್ದದ್ದೂ ಅಷ್ಟೇ ನೆರವಾಗುತ್ತದೆ. ಆದರೆ ನ್ಯೂಯಾರ್ಕ್‌ನಲ್ಲಿ ಗೋರ್ ಗೆಲುವು ಖಚಿತವಾಗಿತ್ತು, ಫ್ಲಾರಿಡಾದಲ್ಲಿ ಸಮೀಕ್ಷೆಗಳು ಇಬ್ಬರನ್ನೂ ಸಮಸಮವಾಗಿ ತೋರಿಸುತ್ತಿದ್ದವು. ಅಂದರೆ ಒಂದೇ ಲಾಭಕ್ಕೆ ಎರಡು ರಾಜ್ಯಗಳಲ್ಲಿ ಎರಡು ಬೆಲೆ. ರಾಷ್ಟ್ರೀಯ ಪ್ರಚಾರ ತಂಡ ಈ ಬೆಲೆ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಎಲ್ಲ ಕಡೆಯೂ ಮತ ಕೇಳುವುದು ತನ್ನ ಹಕ್ಕು ಎಂಬ ನಿಲುವಿಗೆ ನೇಡರ್ ಅಂಟಿಕೊಂಡರು, ಕೊನೆಯ ದಿನಗಳಲ್ಲಿ ಫ್ಲಾರಿಡಾಕ್ಕೂ ಬಂದರು.

ಪರಿಗಣಿಸಿದ ದಾರಿಗಳು

ಗುಂಪು ಸಂಯೋಜಕಿಯ ಮನೆಯಲ್ಲಿ ಸೇರಿತು. ಅಲ್ಲಿ ನಡೆದ ವಾದವೇ ಈ ಪ್ರಕರಣದ ಮುಖ್ಯ ಭಾಗ.

ಲೆಕ್ಕಪತ್ರದವರು ಮೊದಲು ಮಾತನಾಡಿದರು. ಪ್ರಚಾರ ನಿಲ್ಲಿಸಿ, ಬೆಂಬಲಿಗರಿಗೆ ಗೋರ್‌ಗೆ ಮತ ಹಾಕಿ ಎನ್ನೋಣ ಎಂಬುದು ಅವರ ಸಲಹೆ. ಬುಷ್ ಗೆದ್ದರೆ ವಿಮಾನ ನಿಲ್ದಾಣ, ಅಲಾಸ್ಕದ ತೈಲ, ಹವಾಮಾನ ಒಪ್ಪಂದ ಎಲ್ಲದರಲ್ಲೂ ನಾವು ಇಂದಿಗಿಂತ ಕೆಟ್ಟ ಜಾಗದಲ್ಲಿರುತ್ತೇವೆ. ಎರಡೂ ಪಕ್ಷ ಒಂದೇ ಎಂದು ಬೀದಿಯಲ್ಲಿ ಹೇಳುವುದು ಸುಲಭ, ಅದನ್ನು ನಂಬಿ ಮತ ಹಾಕುವುದು ಬೇರೆ ಎಂದರು. ವಿದ್ಯಾರ್ಥಿನಿ ಇದನ್ನು ಒಪ್ಪಲಿಲ್ಲ. ತಾನು ಕ್ಯಾಂಪಸ್ಸಿನಲ್ಲಿ ಹೆಸರು ನೋಂದಾಯಿಸಿದ ಹುಡುಗ ಹುಡುಗಿಯರಲ್ಲಿ ಅನೇಕರು ನೇಡರ್ ಇಲ್ಲದಿದ್ದರೆ ಮತಗಟ್ಟೆಗೇ ಬರುವವರಲ್ಲ ಎಂಬುದು ಆಕೆಯ ವಾದ. ಅವರ ಮತವನ್ನು ಗೋರ್ ಖಾತೆಯ ನಷ್ಟವೆಂದು ಬರೆಯುವುದು ಹೇಗೆ ಎಂದು ಕೇಳಿದಳು. ಈ ಪ್ರಶ್ನೆಗೆ ಆ ಕೋಣೆಯಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ.

ಸಂಯೋಜಕಿಯ ಚಿಂತೆ ಮತ್ತೊಂದು. ಕೊನೆಯ ವಾರದಲ್ಲಿ ಹಿಂದೆ ಸರಿಯುತ್ತಾರೆ ಎಂದು ಗೊತ್ತಾದ ಬೆಂಬಲಿಗರ ಬೇಡಿಕೆಗೆ ದೊಡ್ಡ ಪಕ್ಷ ಎಂದಾದರೂ ಬೆಲೆ ಕೊಡುತ್ತದೆಯೇ? ಬಿಟ್ಟು ಹೋಗುವ ಬೆದರಿಕೆ ನಿಜವಾಗಿದ್ದರೆ ಮಾತ್ರ ಅದಕ್ಕೆ ತೂಕ. ಇದು ಹಟದ ಮಾತಲ್ಲ, ಚೌಕಾಸಿಯ ಮೂಲತರ್ಕ. ಆದರೆ ಚೌಕಾಸಿ ನಡೆಯಬೇಕಾದರೆ ಎದುರಿನವರಿಗೆ ಬೇಡಿಕೆ ಕೇಳಿಸಿರಬೇಕು, ಒಪ್ಪಿದರೆ ಬೆಂಬಲಿಗರು ಮರಳುತ್ತಾರೆಂಬ ಭರವಸೆ ಇರಬೇಕು. ನೇಡರ್ ಅಂಥ ಷರತ್ತು ಮುಂದಿಟ್ಟಿರಲಿಲ್ಲ; ಗೋರ್ ನಿಲ್ದಾಣ ಬೇಡವೆಂದರೂ ನೇಡರ್ ಕಣದಲ್ಲೇ ಉಳಿಯುತ್ತಿದ್ದರು. ಹೀಗಾಗಿ ಗುಂಪಿನ ಕೈಯಲ್ಲಿದ್ದದ್ದು ಬೆದರಿಕೆಯಷ್ಟೇ, ಒಪ್ಪಂದವಲ್ಲ. ನನ್ನ ಓದಿನಲ್ಲಿ ಇಡೀ ಪ್ರಕರಣದ ದುರ್ಬಲ ಕೊಂಡಿ ಇದೇ, ಮತ್ತು ಅಂದಿನ ಸಭೆಯಲ್ಲಿ ಯಾರೂ ಇದನ್ನು ಎತ್ತಿ ಹೇಳಲಿಲ್ಲ.

ಮೂರನೆಯ ದಾರಿ ಮತ ವಿನಿಮಯ. ಆ ಅಕ್ಟೋಬರ್‌ನಲ್ಲಿ ಅಂತರಜಾಲದಲ್ಲಿ ಕೆಲವು ತಾಣಗಳು ಹುಟ್ಟಿಕೊಂಡಿದ್ದವು. ತುರುಸಿನ ಸ್ಪರ್ಧೆಯ ರಾಜ್ಯದ ನೇಡರ್ ಬೆಂಬಲಿಗರು ಗೋರ್‌ಗೆ ಮತ ಹಾಕುವುದು, ಅದಕ್ಕೆ ಪ್ರತಿಯಾಗಿ ಫಲಿತಾಂಶ ಖಚಿತವಾಗಿರುವ ರಾಜ್ಯದ ಗೋರ್ ಬೆಂಬಲಿಗರು ನೇಡರ್‌ಗೆ ಹಾಕುವುದು. ಹಣದ ವ್ಯವಹಾರ ಇಲ್ಲ, ಮಾತಿನ ಮೇಲೆ ಮಾತು. ಹೀಗಾದರೆ ದೇಶದ ಶೇ 5ರ ಲೆಕ್ಕಕ್ಕೆ ಕುಂದಿಲ್ಲ, ಫ್ಲಾರಿಡಾದ ಲೆಕ್ಕಕ್ಕೂ ಧಕ್ಕೆಯಿಲ್ಲ. ಮೇಲೆ ಹೇಳಿದ ಎರಡು ಬೆಲೆಗಳ ಸಮಸ್ಯೆಗೆ ಅಂದು ಲಭ್ಯವಿದ್ದ ಅತ್ಯಂತ ಚುರುಕಿನ ಪರಿಹಾರ ಇದು. ತೊಡಕು ಎರಡು. ಗುಪ್ತ ಮತದಾನದಲ್ಲಿ ಎದುರಿನವರು ಮಾತು ಉಳಿಸಿಕೊಂಡರೋ ಇಲ್ಲವೋ ತಿಳಿಯುವ ದಾರಿಯಿಲ್ಲ. ಇನ್ನೊಂದು, ಅಕ್ಟೋಬರ್ 30ರಂದು ಕ್ಯಾಲಿಫೋರ್ನಿಯದ ಚುನಾವಣಾ ಉಸ್ತುವಾರಿ ಹೊತ್ತ ಅಧಿಕಾರಿ ಇಂಥ ತಾಣವೊಂದಕ್ಕೆ ಮೊಕದ್ದಮೆಯ ಎಚ್ಚರಿಕೆ ಕೊಟ್ಟರು. ಆ ತಾಣ ಬಾಗಿಲು ಹಾಕಿತು, ಅದನ್ನು ನೋಡಿ ಬೇರೆಯವರೂ ಹಿಂಜರಿದರು. ಇಂಥ ವಿನಿಮಯ ಮತ ಖರೀದಿಯಲ್ಲ, ವಾಕ್ ಸ್ವಾತಂತ್ರ್ಯದ ರಕ್ಷಣೆಗೆ ಒಳಪಟ್ಟದ್ದು ಎಂದು ಒಂಬತ್ತನೆಯ ವಲಯದ ಮೇಲ್ಮನವಿ ನ್ಯಾಯಾಲಯ ಹೇಳಿದ್ದು 2007ರಲ್ಲಿ. ಏಳು ವರ್ಷ ತಡವಾಗಿ ಬಂದ ಆ ತೀರ್ಪಿನಿಂದ 2000ದ ಮತದಾರರಿಗೆ ಯಾವ ಪ್ರಯೋಜನವೂ ಆಗಲಿಲ್ಲ.

ಸಭೆ ಒಮ್ಮತಕ್ಕೆ ಬರಲಿಲ್ಲ. ಮತ ಯಾರಿಗೆ ಎಂಬುದು ಅವರವರಿಗೆ ಬಿಟ್ಟದ್ದು, ಆದರೆ ಮನೆಮನೆ ಪ್ರಚಾರ ನಿಲ್ಲಿಸುವುದಿಲ್ಲ ಎಂದು ತೀರ್ಮಾನಿಸಿ ಎದ್ದರು. ನಿರ್ಧಾರ ಮುಂದೂಡಿದಂತೆ ಕಂಡರೂ ಇದು ನಿರ್ಧಾರವೇ ಆಗಿತ್ತು, ಏಕೆಂದರೆ ಸುಮ್ಮನಿದ್ದರೆ ಕರಪತ್ರಗಳು ತಮ್ಮಷ್ಟಕ್ಕೆ ಹಂಚಿಕೆಯಾಗುತ್ತಲೇ ಹೋಗುತ್ತವೆ. ಲೆಕ್ಕಪತ್ರದವರು ನ್ಯೂಯಾರ್ಕ್‌ನಲ್ಲಿದ್ದ ಸೋದರ ಸಂಬಂಧಿಯೊಡನೆ ಮತ ವಿನಿಮಯ ಮಾಡಿಕೊಂಡು ಗೋರ್‌ಗೆ ಮತ ಹಾಕಿದರು. ಪರಸ್ಪರ ಪರಿಚಿತರಾದ್ದರಿಂದ ನಂಬಿಕೆಯ ತೊಡಕು ಅವರಿಗೆ ಎದುರಾಗಲಿಲ್ಲ. ಸಂಯೋಜಕಿಯೂ ವಿದ್ಯಾರ್ಥಿನಿಯೂ ನೇಡರ್‌ಗೆ ಹಾಕಿದರು.

ನಡೆದದ್ದು

ಮತದಾನದ ರಾತ್ರಿ ದೂರದರ್ಶನ ಜಾಲಗಳು ಫ್ಲಾರಿಡಾವನ್ನು ಮೊದಲು ಗೋರ್‌ಗೆ ಕೊಟ್ಟು, ಹಿಂದಕ್ಕೆ ಪಡೆದು, ಬೆಳಗಿನ ಜಾವ ಬುಷ್‌ಗೆ ಕೊಟ್ಟು, ಮತ್ತೆ ಹಿಂದಕ್ಕೆ ಪಡೆದವು. ಮರುಎಣಿಕೆಯ ವ್ಯಾಜ್ಯ ಡಿಸೆಂಬರ್ 12ರಂದು ಸುಪ್ರೀಂ ಕೋರ್ಟಿನ 5-4ರ ತೀರ್ಪಿನೊಂದಿಗೆ ಮುಗಿಯಿತು. ಬುಷ್‌ಗೆ 271 ಎಲೆಕ್ಟೋರಲ್ ಮತ, ಗೋರ್‌ಗೆ 266. ದೇಶದ ಒಟ್ಟು ಜನಮತದಲ್ಲಿ ಗೋರ್ ಐದು ಲಕ್ಷ ನಲವತ್ತು ಸಾವಿರಕ್ಕೂ ಹೆಚ್ಚು ಮತಗಳಿಂದ ಮುಂದಿದ್ದರು. ನೇಡರ್ ಪಾಲು ಶೇ 2.74. ಬೇಕಾಗಿದ್ದ ಶೇ 5ರ ಹತ್ತಿರಕ್ಕೂ ಪಕ್ಷ ಬರಲಿಲ್ಲ. ಗುಂಪು ಯಾವುದಕ್ಕಾಗಿ ಅಪಾಯ ಮೈಮೇಲೆ ಎಳೆದುಕೊಂಡಿತ್ತೋ ಅದೂ ದಕ್ಕಲಿಲ್ಲ.

ನೇಡರ್ ಕಣದಲ್ಲಿ ಇಲ್ಲದಿದ್ದರೆ ಏನಾಗುತ್ತಿತ್ತು? ಮತಗಟ್ಟೆಯಿಂದ ಹೊರಬಂದವರ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಇಬ್ಬರೇ ಇದ್ದಿದ್ದರೆ ಗೋರ್‌ಗೆ ಹಾಕುತ್ತಿದ್ದೆವು ಎಂದವರು ನೇಡರ್ ಮತದಾರರಲ್ಲಿ ಶೇ 47ರಷ್ಟು, ಬುಷ್‌ಗೆ ಎಂದವರು ಶೇ 21ರಷ್ಟು, ಉಳಿದವರಲ್ಲಿ ಬಹುಪಾಲು ಮತವನ್ನೇ ಹಾಕುತ್ತಿರಲಿಲ್ಲ ಎಂದಿದ್ದರು. ಆ ಪ್ರಮಾಣವನ್ನೇ ಫ್ಲಾರಿಡಾಕ್ಕೆ ಅನ್ವಯಿಸಿದರೆ ಗೋರ್‌ಗೆ ಸುಮಾರು 25 ಸಾವಿರ ಮತಗಳ ನಿವ್ವಳ ಲಾಭ. ಆದರೆ ಫ್ಲಾರಿಡಾದ ಮತಪತ್ರಗಳ ದಾಖಲೆಯನ್ನೇ ಇಟ್ಟುಕೊಂಡು, ನೇಡರ್‌ಗೆ ಮತ ಹಾಕಿದವರು ಅದೇ ಪತ್ರದಲ್ಲಿ ಉಳಿದ ಹುದ್ದೆಗಳಿಗೆ ಯಾರನ್ನು ಆರಿಸಿದ್ದರು ಎಂದು ಹೋಲಿಸಿ ನೋಡಿದ ನಂತರದ ಅಧ್ಯಯನವೊಂದು, ಆ ಮತದಾರರು ಗೋರ್ ಕಡೆಗೆ ವಾಲಿದ್ದು ಸುಮಾರು 60-40ರ ಪ್ರಮಾಣದಲ್ಲಿ ಮಾತ್ರ ಎಂದು ಕಂಡುಕೊಂಡಿತು. ಜನ ಅಂದುಕೊಂಡಿದ್ದಕ್ಕಿಂತ ಇದು ಬಹಳ ಕಡಿಮೆ.

ಈ ಕಡಿಮೆ ಪ್ರಮಾಣಕ್ಕೆ ಒಂದು ಕಾರಣ ನನಗೆ ತೋರುತ್ತದೆ. ಅಕ್ಟೋಬರ್‌ನ ಹಲವು ಸಮೀಕ್ಷೆಗಳಲ್ಲಿ ಶೇ 4ರಿಂದ 5ರಷ್ಟಿದ್ದ ನೇಡರ್ ಬೆಂಬಲ ಮತದಾನದ ದಿನ ಶೇ 3ಕ್ಕಿಂತ ಕೆಳಗೆ ಇಳಿದಿತ್ತು. ನಡುವೆ ಹೊರಟು ಹೋದವರು ಯಾರು? ಬುಷ್ ಗೆಲ್ಲುವ ಭಯ ಯಾರನ್ನು ಹೆಚ್ಚು ಕಾಡಿತೋ ಅವರು, ಅಂದರೆ ಗೋರ್‌ಗೆ ಹತ್ತಿರವಿದ್ದವರು. ಲೆಕ್ಕಪತ್ರದವರಂಥ ಮತದಾರರು ಮೊದಲೇ ಮರಳಿದ್ದರು. ಉಳಿದವರು ಆ ಭಯಕ್ಕೆ ಜಗ್ಗದವರು, ವಿದ್ಯಾರ್ಥಿನಿಯ ಸಹಪಾಠಿಗಳಂತೆ ಗೋರ್ ಕಡೆಗೆ ಒಲವೇ ಇಲ್ಲದವರು. ಅಂಥವರನ್ನು ಎಣಿಸುವಾಗ ಅಕ್ಟೋಬರ್‌ನ ಬೆಂಬಲಿಗರನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮೂರನೆಯ ಅಭ್ಯರ್ಥಿ ಮಾಡಿದ ನಷ್ಟ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಹಾಗೆಂದು ನೇಡರ್ ಅವರಿಂದ ಏನೂ ಆಗಲಿಲ್ಲ ಎಂದು ವಾದಿಸುವವರ ಪಕ್ಷವನ್ನೂ ನಾನು ಹಿಡಿಯಲಾರೆ. 60-40ರ ಪ್ರಮಾಣವನ್ನೇ ಇಟ್ಟುಕೊಂಡು, ನೇಡರ್ ಮತದಾರರಲ್ಲಿ ಅರ್ಧದಷ್ಟು ಜನ ಮನೆಯಲ್ಲೇ ಉಳಿಯುತ್ತಿದ್ದರು ಎಂದು ಭಾವಿಸಿದರೂ ಗೋರ್‌ಗೆ ಒಂಬತ್ತು ಸಾವಿರಕ್ಕೂ ಹೆಚ್ಚಿನ ಮುನ್ನಡೆ ಸಿಗುತ್ತಿತ್ತು. ಸಾವಿರ ನೇಡರ್ ಮತದಾರರಲ್ಲಿ ಆರು ಜನ ಮಾತ್ರ ಮನಸ್ಸು ಬದಲಿಸಿ ಗೋರ್‌ಗೆ ಹಾಕಿದ್ದರೂ ಅಧ್ಯಕ್ಷರು ಬೇರೆಯಾಗುತ್ತಿದ್ದರು. ಈ ಲೆಕ್ಕದಿಂದ ತಪ್ಪಿಸಿಕೊಳ್ಳಲು ದಾರಿಯಿಲ್ಲ.

ಆದರೆ 537 ಎಂಬ ಅಂತರ ಎಷ್ಟು ಚಿಕ್ಕದೆಂದರೆ ಅದರ ಮುಂದೆ ಎಲ್ಲವೂ ಕಾರಣವಾಗಿ ಬಿಡುತ್ತದೆ. ಫ್ಲಾರಿಡಾದ ಮತಪತ್ರದಲ್ಲಿ ಆ ವರ್ಷ ಹತ್ತು ಜೋಡಿ ಅಭ್ಯರ್ಥಿಗಳಿದ್ದರು, ಎಂಟು ಚಿಕ್ಕ ಪಕ್ಷಗಳಲ್ಲಿ ಒಂದೊಂದೂ 537ಕ್ಕಿಂತ ಹೆಚ್ಚು ಮತ ಪಡೆದಿತ್ತು. ಕೊನೆಯ ಸ್ಥಾನದಲ್ಲಿದ್ದ ಸೋಷಿಯಲಿಸ್ಟ್ ವರ್ಕರ್ಸ್ ಪಕ್ಷಕ್ಕೂ 562 ಬಂದಿದ್ದವು. ಗೋರ್ ತಮ್ಮ ಸ್ವಂತ ರಾಜ್ಯವಾದ ಟೆನೆಸ್ಸಿಯನ್ನು ಸುಮಾರು 80 ಸಾವಿರ ಮತಗಳಿಂದ ಸೋತರು. ಅಲ್ಲಿ ನೇಡರ್‌ಗೆ ಬಂದದ್ದು 20 ಸಾವಿರದೊಳಗೆ. ಟೆನೆಸ್ಸಿಯ 11 ಎಲೆಕ್ಟೋರಲ್ ಮತಗಳಿದ್ದರೆ ಗೋರ್‌ಗೆ ಫ್ಲಾರಿಡಾದ ಹಂಗೇ ಬೇಕಿರಲಿಲ್ಲ.

ಇನ್ನೊಂದು ಬದಿಯನ್ನು ಸಾಮಾನ್ಯವಾಗಿ ಯಾರೂ ಎತ್ತುವುದಿಲ್ಲ. ಬಲಪಂಥದಲ್ಲಿ ಬ್ಯುಕ್ಯಾನನ್ ಇದ್ದರು. ವಿಸ್ಕಾನ್ಸಿನ್, ಐಯೋವ, ಒರೆಗಾನ್, ನ್ಯೂ ಮೆಕ್ಸಿಕೊ ಈ ನಾಲ್ಕು ರಾಜ್ಯಗಳಲ್ಲಿ ಬುಷ್ ಸೋತ ಅಂತರಕ್ಕಿಂತ ಬ್ಯುಕ್ಯಾನನ್ ಪಡೆದ ಮತ ಹೆಚ್ಚು. ನ್ಯೂ ಮೆಕ್ಸಿಕೊದಲ್ಲಿ ಗೋರ್ ಗೆದ್ದದ್ದು 366 ಮತಗಳಿಂದ. ಈ ನಾಲ್ಕು ರಾಜ್ಯಗಳ ಒಟ್ಟು ಎಲೆಕ್ಟೋರಲ್ ಮತ 30, ಫ್ಲಾರಿಡಾಕ್ಕಿಂತ ಐದು ಹೆಚ್ಚು. ಚಿಕ್ಕ ಪಕ್ಷಗಳೆಲ್ಲವನ್ನೂ ಕಣದಿಂದ ತೆಗೆದು ಲೆಕ್ಕ ಹಾಕುವವರು ಇವನ್ನೂ ತೂಗಬೇಕಾಗುತ್ತದೆ. ಸೋತವರಿಗೆ ಮಾತ್ರ ಮತ ಒಡೆದದ್ದು ಕಾಣುತ್ತದೆ, ಗೆದ್ದ ರಾಜ್ಯದಲ್ಲಿ ಎದುರಾಳಿಯ ಮತ ಒಡೆದದ್ದನ್ನು ಯಾರೂ ನೆನಪಿನಲ್ಲಿ ಇಟ್ಟುಕೊಳ್ಳುವುದಿಲ್ಲ.

ಮತಪತ್ರದ ಮೂಲಕ ಆದ ಪರಿಣಾಮ

ಚಿಕ್ಕ ಪಕ್ಷಗಳ ಪ್ರಭಾವ ಮತದಾರರ ಮನಸ್ಸಿನ ಮೂಲಕ ಮಾತ್ರ ಹರಿಯುತ್ತದೆ ಎಂದುಕೊಂಡರೆ ಈ ಪ್ರಕರಣದ ಅರ್ಧ ಭಾಗ ತಪ್ಪಿಹೋಗುತ್ತದೆ. 1998ರಲ್ಲಿ ಫ್ಲಾರಿಡಾದ ಮತದಾರರು ರಾಜ್ಯ ಸಂವಿಧಾನವನ್ನು ತಿದ್ದಿ, ಚಿಕ್ಕ ಪಕ್ಷಗಳು ಮತಪತ್ರದಲ್ಲಿ ಜಾಗ ಪಡೆಯುವುದನ್ನು ಸುಲಭಗೊಳಿಸಿದ್ದರು. ಪ್ರಜಾಪ್ರಭುತ್ವದ ದೃಷ್ಟಿಯಿಂದ ಒಳ್ಳೆಯ ಸುಧಾರಣೆ. ಅದರ ಫಲವಾಗಿ ಹೆಸರುಗಳು ಹೆಚ್ಚಿದವು. ಹೆಸರು ಹೆಚ್ಚಿದಾಗ ಪಾಮ್ ಬೀಚ್ ಕೌಂಟಿಯ ಚುನಾವಣಾ ಅಧಿಕಾರಿ ವಯಸ್ಸಾದ ಮತದಾರರಿಗೆ ಅಕ್ಷರ ದೊಡ್ಡದಾಗಿ ಕಾಣಲೆಂದು ಪಟ್ಟಿಯನ್ನು ಎದುರುಬದುರಿನ ಎರಡು ಪುಟಗಳಿಗೆ ಹರಡಿ, ಮತ ಗುರುತಿಸಲು ತೂತು ಹಾಕುವ ಸಾಲನ್ನು ನಡುವೆ ಇಟ್ಟರು. ಎಡಪುಟದಲ್ಲಿ ಗೋರ್ ಎರಡನೆಯ ಹೆಸರು, ಆದರೆ ಎರಡನೆಯ ತೂತು ಬಲಪುಟದ ಮೊದಲ ಹೆಸರಾದ ಬ್ಯುಕ್ಯಾನನ್‌ಗೆ ಸೇರಿದ್ದು. ಗೋರ್ ಅವರದು ಮೂರನೆಯದು.

ಯಹೂದಿ ಹಿರಿಯರು ಹೆಚ್ಚಾಗಿದ್ದ, ಡೆಮಾಕ್ರಟಿಕ್ ಪಕ್ಷದ ಗಟ್ಟಿ ನೆಲೆಯಾದ ಆ ಕೌಂಟಿಯಲ್ಲಿ ಬ್ಯುಕ್ಯಾನನ್‌ಗೆ 3,400ಕ್ಕೂ ಹೆಚ್ಚು ಮತ ಬಿದ್ದವು. ಇಡೀ ರಾಜ್ಯದಲ್ಲಿ ಅವರಿಗೆ ಬಂದದ್ದರ ಐದನೆಯ ಒಂದು ಭಾಗ ಇದೊಂದೇ ಕೌಂಟಿಯಿಂದ. ಇವುಗಳಲ್ಲಿ ಹೆಚ್ಚಿನವು ತಮ್ಮವಲ್ಲ ಎಂದು ಬ್ಯುಕ್ಯಾನನ್ ಅವರೇ ಒಪ್ಪಿಕೊಂಡರು. ಗೋರ್‌ಗೆ ಸೇರಬೇಕಾಗಿದ್ದ ಎರಡು ಸಾವಿರಕ್ಕೂ ಹೆಚ್ಚು ಮತಗಳು ಹೀಗೆ ದಾರಿ ತಪ್ಪಿದವು ಎಂದು ರಾಜ್ಯಶಾಸ್ತ್ರಜ್ಞರ ತಂಡವೊಂದು ಮರುವರ್ಷ ಪ್ರಕಟಿಸಿದ ಅಧ್ಯಯನ ತೋರಿಸಿತು. ಎರಡು ತೂತು ಹಾಕಿ ಅಸಿಂಧುವಾದ ಮತಪತ್ರಗಳು ಆ ಕೌಂಟಿಯಲ್ಲಿ 19 ಸಾವಿರಕ್ಕೂ ಹೆಚ್ಚು. ಡುವಾಲ್ ಕೌಂಟಿಯಲ್ಲಿ ಅಧ್ಯಕ್ಷ ಹುದ್ದೆಯ ಹೆಸರುಗಳು ಒಂದರ ಹಿಂದೆ ಒಂದರಂತೆ ಎರಡು ಪುಟಗಳಲ್ಲಿದ್ದವು, ಪ್ರತಿ ಪುಟದಲ್ಲೂ ಮತ ಹಾಕಿ ಎಂದು ಮಾದರಿ ಮತಪತ್ರ ಸೂಚಿಸಿತ್ತು. ಅದನ್ನು ಪಾಲಿಸಿದ ಸಾವಿರಾರು ಜನರ ಮತ ಎಣಿಕೆಗೇ ಬರಲಿಲ್ಲ.

ಮನವೊಲಿಸುವ ಪ್ರಚಾರವನ್ನೇ ಮಾಡದೆ, ಮತ ಕೇಳದೆ, ಕೇವಲ ಪಟ್ಟಿಯಲ್ಲಿ ಇದ್ದದ್ದರಿಂದ ಆದ ಪರಿಣಾಮ ಇದು. ಸಂಯೋಜಕಿಯ ಮನೆಯಲ್ಲಿ ನಡೆದ ಅಷ್ಟು ತೂಕದ ವಾದದಲ್ಲಿ ಇದರ ಸುಳಿವೂ ಇರಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ. ಆದರೂ ಫಲಿತಾಂಶದ ನಂತರ ಅವರು ಕೇಳಿಸಿಕೊಂಡ ಬೈಗುಳ ಪಾಮ್ ಬೀಚಿನ ಪಾಲನ್ನೂ ಒಳಗೊಂಡಿತ್ತು.

ನಂತರ

ಗುಂಪು ಚಳಿಗಾಲದಲ್ಲಿ ಒಡೆಯಿತು. ಲೆಕ್ಕಪತ್ರದವರು ಸಂಯೋಜಕಿಯೊಡನೆ ಮಾತು ನಿಲ್ಲಿಸಿದರು. ಈ ನಡುವೆ ಅವರೆಲ್ಲ ಹೋರಾಡಿದ ವಿಷಯ ತನ್ನದೇ ದಾರಿ ಹಿಡಿದಿತ್ತು. ಡಿಸೆಂಬರ್ 11ರಂದು, ಸುಪ್ರೀಂ ಕೋರ್ಟಿನಲ್ಲಿ ಬುಷ್ ಮತ್ತು ಗೋರ್ ವಕೀಲರು ವಾದಿಸುತ್ತಿದ್ದ ದಿನವೇ, ಕ್ಲಿಂಟನ್ ಎವರ್‌ಗ್ಲೇಡ್ಸ್ ಪುನರುಜ್ಜೀವನದ 780 ಕೋಟಿ ಡಾಲರ್‌ಗಳ ಯೋಜನೆಗೆ ಸಹಿ ಹಾಕಿದರು. ಸಮಾರಂಭದಲ್ಲಿ ಫ್ಲಾರಿಡಾದ ರಾಜ್ಯಪಾಲರೂ ಬುಷ್ ಅವರ ತಮ್ಮನೂ ಆದ ಜೆಬ್ ಬುಷ್ ಇದ್ದರು. ಜನವರಿ ಮಧ್ಯದಲ್ಲಿ, ಅಧಿಕಾರ ಬಿಡಲು ಕೆಲವೇ ದಿನಗಳಿರುವಾಗ, ಅದೇ ಆಡಳಿತದ ವಾಯುಪಡೆ ಹೋಮ್‌ಸ್ಟೆಡ್‌ನಲ್ಲಿ ವಾಣಿಜ್ಯ ವಿಮಾನ ನಿಲ್ದಾಣಕ್ಕೆ ಅವಕಾಶವಿಲ್ಲ ಎಂದು ನಿರ್ಧರಿಸಿತು. ಬೇಸಿಗೆಯಲ್ಲೇ ಗೋರ್ ಈ ಮಾತನ್ನು ಹೇಳಿದ್ದರೆ ಮಯಾಮಿಯಲ್ಲಿ ಎಷ್ಟು ಮತ ಕಳೆದುಕೊಳ್ಳುತ್ತಿದ್ದರು, ಗುಂಪಿನಂಥವರಿಂದ ಎಷ್ಟು ಪಡೆಯುತ್ತಿದ್ದರು ಎಂಬುದನ್ನು ಅಳೆಯುವ ಸಾಧನವಿಲ್ಲ. 537ಕ್ಕಿಂತ ಹೆಚ್ಚಿನ ವ್ಯತ್ಯಾಸವಾಗುತ್ತಿತ್ತು ಎನ್ನಲು ಮಾತ್ರ ಹಿಂಜರಿಯಬೇಕಿಲ್ಲ, ಯಾವ ಕಡೆಗೆ ಎಂಬುದೇ ಪ್ರಶ್ನೆ.

ಈ ಪ್ರಕರಣದಿಂದ ಏನು ಕಲಿಯಬಹುದು ಎಂಬ ಪ್ರಶ್ನೆಗೆ ಗ್ರೀನ್ ಪಕ್ಷವೇ ಒಂದು ಉತ್ತರ ಪ್ರಯತ್ನಿಸಿತು. 2004ರಲ್ಲಿ ಅದು ನೇಡರ್ ಅವರನ್ನು ಬಿಟ್ಟು ಡೇವಿಡ್ ಕಾಬ್ ಅವರನ್ನು ನಿಲ್ಲಿಸಿ, ಫಲಿತಾಂಶ ಖಚಿತವಾಗಿರುವ ರಾಜ್ಯಗಳಲ್ಲೇ ಪ್ರಚಾರಕ್ಕೆ ಒತ್ತು ಕೊಟ್ಟಿತು. ಇದು ಲೆಕ್ಕಪತ್ರದವರ ವಾದವೇ, ಪಕ್ಷದ ನೀತಿಯಾಗಿ. ಯಾರ ಆಟವೂ ಕೆಡಲಿಲ್ಲ. ಪಕ್ಷಕ್ಕೆ ದೇಶದಲ್ಲೆಲ್ಲ ಸಿಕ್ಕ ಮತ ಸುಮಾರು 1 ಲಕ್ಷ 20 ಸಾವಿರ, ನಾಲ್ಕು ವರ್ಷದ ಹಿಂದಿನ 28 ಲಕ್ಷದಿಂದ ಇಳಿದು. ಸ್ವತಂತ್ರವಾಗಿ ನಿಂತ ನೇಡರ್‌ಗೆ ಫ್ಲಾರಿಡಾದಲ್ಲಿ 33 ಸಾವಿರದಷ್ಟು ಬಂದವು, ಬುಷ್ ಅಲ್ಲಿ 3 ಲಕ್ಷ 80 ಸಾವಿರದಿಂದ ಗೆದ್ದರು, ನೇಡರ್ ಹೆಸರನ್ನು ಯಾರೂ ಎತ್ತಲಿಲ್ಲ. ಅಪಾಯವಿಲ್ಲದ ಕಡೆ ಮಾತ್ರ ನಿಲ್ಲುವ ಪಕ್ಷವನ್ನು ದೊಡ್ಡ ಪಕ್ಷಗಳು ಗಮನಿಸುವ ಅಗತ್ಯವೂ ಇರುವುದಿಲ್ಲ ಎಂಬ ಸಂಯೋಜಕಿಯ ಆತಂಕವನ್ನು ಈ ಅಂಕಿಗಳು ಸುಳ್ಳು ಮಾಡಲಿಲ್ಲ.

ಎರಡೂ ವಾದಗಳು ಅವುಗಳ ಮಟ್ಟಿಗೆ ಸರಿಯಾಗಿರುವುದೇ ಈ ಪ್ರಕರಣದ ತೊಡಕು, ಮತ್ತು ಅದರ ಮೂಲ ಗುಂಪಿನ ಸದಸ್ಯರಲ್ಲಾಗಲಿ ನೇಡರ್ ಅವರ ಹಟದಲ್ಲಾಗಲಿ ಇಲ್ಲ; ಒಂದೇ ಹೆಸರಿಗೆ ಗುರುತು ಹಾಕಿಸಿ, ಹೆಚ್ಚು ಮತ ಪಡೆದವರಿಗೆ ಇಡೀ ರಾಜ್ಯವನ್ನು ಒಪ್ಪಿಸುವ ನಿಯಮದಲ್ಲಿದೆ. ಎರಡು ಸುತ್ತಿನ ಮತದಾನ ಇದನ್ನು ಪೂರ್ಣವಾಗಿ ಗುಣಪಡಿಸುವುದಿಲ್ಲ: 2002ರಲ್ಲಿ ಫ್ರಾನ್ಸಿನ ಮೊದಲ ಸುತ್ತಿನಲ್ಲಿ 16 ಅಭ್ಯರ್ಥಿಗಳ ನಡುವೆ ಎಡಪಂಥದ ಮತ ಹಂಚಿಹೋಗಿ, ಪ್ರಧಾನಿಯಾಗಿದ್ದ ಲಿಯೊನೆಲ್ ಜೋಸ್ಪಾ ಶೇ 16.2ರೊಂದಿಗೆ ಮೂರನೆಯವರಾದರು, ಶೇ 16.9 ಪಡೆದ ಉಗ್ರ ಬಲಪಂಥದ ಲ ಪೆನ್ ಎರಡನೆಯ ಸುತ್ತಿಗೆ ಹೋದರು. ಮತದಾರರು ಅಭ್ಯರ್ಥಿಗಳನ್ನು ಒಂದು, ಎರಡು, ಮೂರು ಎಂದು ಆದ್ಯತೆಯ ಕ್ರಮದಲ್ಲಿ ಗುರುತಿಸುವ ಪದ್ಧತಿಯಲ್ಲಿ, ಸಂಯೋಜಕಿ ನೇಡರ್‌ಗೆ ಮೊದಲ ಸ್ಥಾನ ಕೊಟ್ಟು ಗೋರ್‌ಗೆ ಎರಡನೆಯದನ್ನು ಕೊಡಬಹುದಿತ್ತು; ನೇಡರ್ ಎಣಿಕೆಯಿಂದ ಹೊರಬಿದ್ದಾಗ ಆ ಮತ ಗೋರ್‌ಗೆ ಸೇರುತ್ತಿತ್ತು. ಆಗ ಅವರ ಮನೆಯ ಆ ಸಭೆಯೇ ಅನಗತ್ಯವಾಗುತ್ತಿತ್ತು. ವಿದ್ಯಾರ್ಥಿನಿಯ ಸಹಪಾಠಿಗಳು ಎರಡನೆಯ ಜಾಗವನ್ನು ಖಾಲಿ ಬಿಡುತ್ತಿದ್ದರು, ಅವರ ಮತ ಯಾರಿಂದಲೂ ಕಸಿದದ್ದಲ್ಲ ಎಂಬುದು ಎಣಿಕೆಯಲ್ಲೇ ದಾಖಲಾಗುತ್ತಿತ್ತು. ಮೇನ್ ರಾಜ್ಯ 2020ರಲ್ಲಿ ಅಧ್ಯಕ್ಷೀಯ ಚುನಾವಣೆಗೆ ಈ ಪದ್ಧತಿಯನ್ನು ಬಳಸಿದ ಮೊದಲ ರಾಜ್ಯವಾಯಿತು, ಅಲಾಸ್ಕ 2024ರಲ್ಲಿ ಸೇರಿತು. ಫ್ಲಾರಿಡಾ ತೂತು ಹಾಕುವ ಮತಪತ್ರಗಳನ್ನು 2001ರಲ್ಲೇ ಕೈಬಿಟ್ಟಿತು. ಆದ್ಯತಾ ಮತದಾನವನ್ನು ಮಾತ್ರ ಅದು 2022ರ ಕಾನೂನಿನ ಮೂಲಕ ರಾಜ್ಯದ ಎಲ್ಲ ಚುನಾವಣೆಗಳಲ್ಲೂ ನಿಷೇಧಿಸಿದೆ.